ಅತ್ತೆ ಕಿವಿರು ಎತ್ತಿ ನೋಡಿದ ಬಿಸಿಎ

ನಮ್ಮ ಅತ್ತೆ ದೇವರನ್ನೂ ಮೀನಿನ ಹಾಗೆ ಕಿವಿರು ಎತ್ತಿ ನೋಡಿದ ಮೇಲೆಯೇ ಕೈ ಮುಗಿಯುವವಳು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ! ಯಾರು ಏನು ಹೇಳಿದರೂ ನಂಬದೆ, ಎತ್ತಿ, ತಿರುಗಿಸಿ, ಒತ್ತಿ ನೋಡುವುದೇ ಅವಳ ಧರ್ಮ. ಕುಂಭಾಶಿಯ ಆನೆಗುಡ್ಡೆ ಗಣಪತಿಯ ಎದುರು ಊರವರೆಲ್ಲ ಕಣ್ಣು ಮುಚ್ಚಿ ನಿಂತರೆ ಇವಳು ಮಾತ್ರ ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಬಗ್ಗಿ ನೋಡಿ, “ಇವತ್ತ್ ದೇವ್ರ್ ಲಾಯ್ಕ್ ಇದ್ರ್” ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಅಡ್ಡಬೀಳುತ್ತಾಳೆ. ಪಕ್ಕದಲ್ಲಿ ನಿಂತ ನಾನು ಗಣಪತಿಗೂ ಅವಳಿಗೂ ಸಮಸಮ ಹೆದರುತ್ತ ಎರಡು ಬಸ್ಕಿ ಜಾಸ್ತಿ ಹೊಡೆಯುತ್ತೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ. ನಾವುಂದದ ನಮ್ಮ ಮನೆಯಲ್ಲೇ ಇರುವವಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಆರಿಸಿ, ಬುಟ್ಟಿ ಹೊತ್ತು, ಕುಂದಾಪುರದ ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ. ಅವಳು ಅಲ್ಲಿ ಕೂರಲು ಸುರುಮಾಡಿದಾಗ ನಾನಿರಲಿ, ನಮ್ಮಪ್ಪನ ಮದುವೆಯೇ ಆಗಿರಲಿಲ್ಲ. ಕೊಂಡವರಿಗೆ ಕೊನೆಯಲ್ಲಿ ಒಂದು ಮೀನು ಕೊಸರು ಹಾಕದೆ ಕಳಿಸಿದವಳಲ್ಲ. ನಿನ್ನೆಯ ಮೀನನ್ನು ಇವತ್ತಿನದ್ದೆಂದು ಕೊಟ್ಟವಳಂತೂ ಅಲ್ಲವೇ ಅಲ್ಲ. “ತಾಜಾ ಅಲ್ದಾ?” ಎಂದು ಯಾರಾದರೂ ಆಸೆಯಿಂದ ಕೇಳಿದರೆ, “ಅಲ್ಲ, ನಿನ್ನೇದ್. ಇವತ್ತ್ ಬದ್ನಿಕಾಯಿ ತಿನ್ನಿ” ಎಂದು ಗಿರಾಕಿಯನ್ನೇ ಓಡಿಸುತ್ತಾಳೆ. ಇಂಥವಳಿಂದ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಕೇಳುತ್ತೀರಾ? ಅವಳ ಬುಟ್ಟಿ ಹತ್ತು ಗಂಟೆಗೇ ಖಾಲಿ!

ಮೀನಿಗೆ ಮಾತ್ರವಾಗಿದ್ದರೆ ಸರಿ. ಅವಳ ತಪಾಸಣೆಯಿಂದ ಯಾರೂ ತಪ್ಪಿಸಿಕೊಂಡದ್ದಿಲ್ಲ. ಒಮ್ಮೆ ನೆರೆಮನೆಯ ಹುಡುಗಿಯನ್ನು ನೋಡಲು ಮುಂಬಯಿಯಿಂದ ಗಂಡು ಬಂದ. ಹೋಟೆಲಿನವನು, ಒಳ್ಳೆಯ ಮನೆತನ. ಹುಡುಗಿಯ ತಾಯಿ ಸುಮ್ಮನಿರಲಾರದೆ ನಮ್ಮ ಅತ್ತೆಯನ್ನೂ ಕರೆದಿದ್ದರು. ಅತ್ತೆ ಕಾಫಿ ಕುಡಿದು, ಹುಡುಗನ ಎದುರಿಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು ನೋಡಿ, ಅಂಗಳಕ್ಕೆ ಬಂದು ವರದಿ ಒಪ್ಪಿಸಿದಳು: “ಕಣ್ಣ್ ಒಳ್ಗ್ ಹೋಯ್ತ್. ನಾಲ್ಕ್ ದಿನದ ಐಸಿನ ಮಾಲ್. ಬ್ಯಾಡ.” ಪಾಪ, ಆ ಹುಡುಗ ರೈಲಿನಲ್ಲಿ ಸೀಟು ಸಿಗದೆ ಇಡೀ ದಾರಿ ನಿಂತುಕೊಂಡು ಬಂದಿದ್ದನಂತೆ! ಎರಡು ದಿನ ನಿದ್ದೆ ಮಾಡಿಸಿ ಮತ್ತೆ ತೋರಿಸಿದ ಮೇಲೆ ಅತ್ತೆ ಪಾಸು ಮಾಡಿದಳು. ಆ ದಂಪತಿ ಈಗಲೂ ಊರಿಗೆ ಬಂದರೆ ಮೊದಲು ಹೋಗಿ ಮಲಗುತ್ತಾರೆ, ಆಮೇಲೆ ಅತ್ತೆಯನ್ನು ಕಾಣಲು ಬರುತ್ತಾರೆ.

ಇಂಥ ಅತ್ತೆಯ ಕೈಯಲ್ಲಿ ಬೆಳೆದ ನಾನೋ, ಹುಟ್ಟಾ ಹೆದರುಪುಕ್ಕಲಿ. ಹುಂಜ ಕಂಡರೆ ಹೆದರಿಕೆ, ದನ ಕಂಡರೆ ಹೆದರಿಕೆ. ಕಡಲಿನ ಪಕ್ಕದಲ್ಲೇ ಹುಟ್ಟಿದರೂ ಮೊಣಕಾಲಿಗಿಂತ ಮೇಲೆ ನೀರು ಬಂದರೆ ಅಮ್ಮಾ ಎನ್ನುವವಳು. ಪಿಯುಸಿ ಮುಗಿದ ಮೇಲೆ ಬಿಸಿಎ ಸೇರಿದ್ದಕ್ಕೂ ಹೆದರಿಕೆಯೇ ಕಾರಣ. ನರ್ಸಿಂಗಿಗೆ ರಕ್ತದ ಹೆದರಿಕೆ, ಟೀಚರ್ ಆಗಲು ಮಕ್ಕಳ ಹೆದರಿಕೆ, ವಕೀಲಿಕೆಗೆ ಮಾತಿನ ಹೆದರಿಕೆ. ಕಂಪ್ಯೂಟರ್ ಹಾಯುವುದಿಲ್ಲ, ಕುಕ್ಕುವುದಿಲ್ಲ, ಎದುರು ಮಾತಾಡುವುದಿಲ್ಲ, ಅಲ್ಲವೇ? ಹಾಗೆಂದುಕೊಂಡೇ ಕುಂದಾಪುರದ ಒಂದು ಕಾಲೇಜಿನಲ್ಲಿ ಹೆಸರು ಕೊಟ್ಟೆ. ಎದುರು ಮಾತಾಡುವುದಿಲ್ಲ ಎಂದೆನಲ್ಲ? ಮೊದಲ ವಾರದ ಲ್ಯಾಬಿನಲ್ಲಿ ಸಾಲಿನ ಕೊನೆಯ ಒಂದು ಚುಕ್ಕಿಯನ್ನೋ ಗೀಟನ್ನೋ ಬಿಟ್ಟದ್ದಕ್ಕೆ ಅದು ನಲವತ್ತೆರಡು ತಪ್ಪು ತೋರಿಸಿ ಪರದೆ ಇಡೀ ಕೆಂಪು ಮಾಡಿತು! ಕಾಲೇಜಿನ ಕಂಪ್ಯೂಟರನ್ನು ಹಾಳು ಮಾಡಿದೆನೆಂದು ನಾನು ಸ್ವಿಚ್ಚು ಆರಿಸಿ ಸೀದಾ ಬಸ್ ಸ್ಟ್ಯಾಂಡಿಗೆ ಓಡಿದೆ. ಮರುದಿನ ಪೊಲೀಸರು ಬರುತ್ತಾರೆಂದು ಚಾವಡಿಯಲ್ಲಿ ಕೂರಲೇ ಇಲ್ಲ.

ಹೀಗೆ ಹೆದರುತ್ತ ಹೆದರುತ್ತ ಎರಡು ವರ್ಷ ಕಳೆಯಿತು. ಅದರಲ್ಲಿ ಒಂದೇ ಒಂದು ಕೆಲಸ ಹೆದರದೆ ಮಾಡಿದ್ದೆ. ಎರಡನೇ ವರ್ಷ ನಮಗೊಂದು ಸಣ್ಣ ಪ್ರಾಜೆಕ್ಟ್ ಕೊಟ್ಟಿದ್ದರು. ಯಾವ ದಿನ ಯಾವ ಮೀನು ಬಂತು, ಗಾಳಿ ಯಾವ ಕಡೆಯದ್ದು, ನೀರಿನ ಬಣ್ಣ ಹೇಗಿತ್ತು ಎಂದು ನಾನು ತಿಂಗಳುಗಟ್ಟಲೆ ಅತ್ತೆಯಿಂದ ಕೇಳಿ ಕೇಳಿ ಬರೆದುಕೊಂಡೆ. ಅದನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಸಿದಾಗ, ಬಂಗುಡೆ ಬಂದ ದಿನಗಳೆಲ್ಲ ಒಂದು ಕಡೆ ಗುಂಪಾಗಿ ನಿಂತುಬಿಟ್ಟವು. ಅದನ್ನು ನೋಡುತ್ತ ಕೂತಿದ್ದಾಗ ನನಗೆ ಊಟದ ನೆನಪಾಗಲಿಲ್ಲ, ಹೆದರಿಕೆಯ ನೆನಪೂ ಆಗಲಿಲ್ಲ. ಅದು ಡೇಟಾ ಸೈನ್ಸ್ ಎನ್ನುವುದರ ಅಂಗಳವಂತೆ. ಒಳಗೆ ಹೋಗುವ ಆಸೆ ನನಗೆ ಹುಟ್ಟಿದ್ದು ಆಗಲೇ.

ಆಸೆ ಹುಟ್ಟಿದ ಕೂಡಲೇ ಹೆದರಿಕೆಯೂ ಅವಳಿಜವಳಿಯಾಗಿ ಹುಟ್ಟಬೇಕೆ? ಮೂರನೇ ವರ್ಷಕ್ಕೆ ಮೂರು ವಿಭಾಗಗಳು, ಒಂದನ್ನು ಆರಿಸಿಕೊಳ್ಳಬೇಕು ಎಂದು ನೋಟಿಸು ಬಂತು. ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಕ್ಲೌಡ್ ಕಂಪ್ಯೂಟಿಂಗ್. ಕೂಡಲೇ ಗಾಳಿಸುದ್ದಿಗಳು ಎದ್ದವು. ಡೇಟಾ ಸೈನ್ಸ್ ಓದಿ ಮುಗಿಸುವಷ್ಟರಲ್ಲಿ ಆ ಕೆಲಸವನ್ನು ಕಂಪ್ಯೂಟರೇ ಮಾಡುತ್ತದಂತೆ. ಸೈಬರ್ ಸೆಕ್ಯುರಿಟಿಯಲ್ಲಿ ನಾವು ಕಳ್ಳರ ಹಿಂದೆ ಹೋದರೆ ಕಳ್ಳರು ನಮ್ಮ ಹಿಂದೆ ಬರುತ್ತಾರಂತೆ. ಕ್ಲೌಡ್ ಎಂದರೆ ಏನೆಂದು ಅದನ್ನು ಓದುವವರಿಗೂ ಗೊತ್ತಿಲ್ಲವಂತೆ! ತಪ್ಪು ಆರಿಸಿದರೆ? ಸರಿಯಾದದ್ದನ್ನೇ ಆರಿಸಿ ನನ್ನಿಂದ ಆಗದೇ ಹೋದರೆ?

ಆ ದಿನ ಸಂಜೆ ಅತ್ತೆ ಬಾವಿಕಟ್ಟೆಯ ಹತ್ತಿರ ಬಂಗುಡೆ ಕೊಯ್ಯುತ್ತ ಕೂತಿದ್ದಳು.

“ಎಂತ ಹೆಣೆ, ಮುಖ ಸುಟ್ಟ್ ಬಂಗ್ಡಿ ಹಾಂಗೆ ಮಾಡ್ಕಂಡಿದ್ದೆ?”

“ಮೂರರಗೆ ಒಂದ್ ಆರ್ಸ್ಕಣ್ಕ್ ಅತ್ತೆ. ಯಾವ್ದ್ ಅಂದೇಳಿ ಗೊತ್ತಾತಿಲ್ಲೆ.”

“ಮೂರನ್ನೂ ಕಂಡ್ಯಾ?”

“ಅದ್ ಕಾಂಬುಕ್ ಆಪ್ದಲ್ಲ. ಓದುದ್.”

“ಓದಿದವ್ರ್ ಇರ್ತ್ರಲೆ? ಅವ್ರನ್ನ ಕಾಂಬ. ಕಾಣ್ದೆ ಹ್ಯಾಂಗ್ ತಕಂಬುದ್? ನಾಳೆ ಮಾರ್ಕೆಟ್ ಮುಗ್ಸ್ಕಂಡ್ ನಾನೇ ಬತ್ತೆ.”

ನನ್ನ ಕಾಲಿನ ಕೆಳಗಿನ ಕಲ್ಲು ಜಾರಿತು. ಅತ್ತೆ ಕಾಲೇಜಿಗೆ! ಬುಟ್ಟಿಯ ಸಮೇತ! ಹೊಟ್ಟೆನೋವು ಎಂದು ಹೇಳಿ ನೋಡಿದೆ. ನಾಲಗೆ ಹೊರಗೆ ಹಾಕಿಸಿ ನೋಡಿ, “ನಾಲ್ಗಿ ತಾಜಾ ಇತ್. ಸುಳ್ಳ್” ಎಂದಳು.

ಮರುದಿನ ಹನ್ನೊಂದಕ್ಕೆ ಅವಳು ನಮ್ಮ ಕಾಲೇಜಿನ ಗೇಟಿನಲ್ಲಿ ನಿಂತಿದ್ದಳು. ಒಳಗೆ ಬರಲು ಮಾತ್ರ ಯಾಕೋ ಒಂದು ಗಳಿಗೆ ತಡ ಮಾಡಿದಳು. ಗೇಟಿನ ಕಂಬ ಹಿಡಿದುಕೊಂಡು, ಸೆರಗು ಸರಿಮಾಡಿಕೊಂಡು, ಮತ್ತೆ ಕಂಬ ಹಿಡಿದುಕೊಂಡು. ಬಿಸಿಲಿಗೆ ಸುಸ್ತಾಗಿರಬೇಕೆಂದು ನಾನಂದುಕೊಂಡೆ. ಆಮೇಲೆ ಸರಸರ ನಡೆದುಬಂದು ಕ್ಯಾಂಟೀನಿನ ಬೆಂಚಿನ ಮೇಲೆ ಖಾಲಿ ಬುಟ್ಟಿ ಇಟ್ಟು, ಕೊನೆಯ ವರ್ಷದವರನ್ನು ಒಬ್ಬೊಬ್ಬರಾಗಿ ಕರೆಸಲು ಅಪ್ಪಣೆ ಮಾಡಿದಳು. ನಾನು ಕಂಬದ ಹಿಂದೆ ನಿಂತೆ. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡರೆ ಅದೂ ಬಿಡಲಿಲ್ಲ.

ಮೊದಲು ಕ್ಲೌಡಿನವನು ಬಂದ. ಬ್ರಹ್ಮಾವರದ ಹುಡುಗ, ಒಳ್ಳೆಯ ವಿನಯ. ನಮ್ಮ ಮಾಹಿತಿಯನ್ನೆಲ್ಲ ನಮ್ಮ ಹತ್ತಿರ ಇಟ್ಟುಕೊಳ್ಳದೆ ಎಲ್ಲೋ ದೂರದಲ್ಲಿ ಬೇರೆಯವರ ಕಂಪ್ಯೂಟರಿನಲ್ಲಿ ಇಡುವುದೆಂದು ಅವನು ತಾಳ್ಮೆಯಿಂದ ವಿವರಿಸಿದ.

“ನಮ್ ಮೀನ್ ತಕಂಡ್ ಹೋಯಿ ಬೇರೆಯವ್ರ ಐಸ್ ಪೆಟ್ಗಿಯಗೆ ಇಟ್ಟಾಂಗೆ?”

“ಹೌದು, ಹಾಗೇ ಅಮ್ಮ!” ಎಂದು ಅವನು ಖುಷಿಪಟ್ಟ. ಇಡೀ ವರ್ಷದಲ್ಲಿ ಅಷ್ಟು ಚೆನ್ನಾಗಿ ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

“ಅವ್ರ್ ಬೀಗ ಹಾಕ್ಕಂಡ್ ಊರಿಗ್ ಹೋರೆ?”

ಹುಡುಗ ತಲೆ ಕೆರೆದುಕೊಂಡ. “ಹೋಗೂದಿಲ್ಲ ಅಮ್ಮ...” ಎಂದ.

“ಹೋತಿಲ್ಲೆ ಅಂದೇಳಿ ಯಾರ್ ಹೇಳಿದ್ರ್? ಅವ್ರೇ ಅಲ್ದಾ?” ಅತ್ತೆ ತಲೆಯಾಡಿಸಿ ಮುಂದಿನವರನ್ನು ಕರೆದಳು.

ಸೈಬರ್ ಸೆಕ್ಯುರಿಟಿಯ ಹುಡುಗಿ ಬೈಂದೂರಿನವಳು, ಭಾರಿ ಹುಷಾರಿ. ಯಾರನ್ನೂ ನಂಬಬಾರದು, ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಬೇಕು ಎನ್ನುವುದೇ ತಮ್ಮ ವಿಭಾಗದ ಮೊದಲ ಪಾಠ ಎಂದಳು. ಅತ್ತೆಗೆ ಇಷ್ಟವಾಗದೆ ಇರುತ್ತದೆಯೇ? “ಇದ್ ನಂದೇ ಕೆಲ್ಸ!” ಎಂದು ತೊಡೆ ತಟ್ಟಿಕೊಂಡಳು. ಆದರೆ ಅಷ್ಟರಲ್ಲಿ ಆ ಹುಡುಗಿಯ ಫೋನು ಟಿಣ್ ಎಂದಿತು, ಅವಳು ಬೆಚ್ಚಿ ಚಹಾ ಚೆಲ್ಲಿದಳು. ಅತ್ತೆ ನನ್ನ ಕಡೆ ತಿರುಗಿ, ಇಡೀ ಕ್ಯಾಂಟೀನಿಗೆ ಕೇಳುವ ಹಾಗೆ ಪಿಸುಗುಟ್ಟಿದಳು: “ಇದ್ ನಿಂಗ್ ಆತಿಲ್ಲೆ. ನೀ ಮೊದ್ಲೇ ಬೆಚ್ಚುವವ್ಳ್. ಇದನ್ ಕಲ್ತ್ರೆ ಮನಿಯಗೆ ಒಂದ್ ಲೋಟ ಉಳಿತಿಲ್ಲೆ.”

ಡೇಟಾ ಸೈನ್ಸಿನವನನ್ನು ಕರೆಯುವಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರೇ ಚಹಾಕ್ಕೆ ಬಂದರು. ಕೊಕ್ಕರ್ಣೆ ಕಡೆಯ ಬೇಸಾಯದ ಮನೆಯವರು, ಮೆದು ಮನುಷ್ಯ. ಅತ್ತೆ ಬಿಡುತ್ತಾಳೆಯೇ?

“ಹ್ವಾಯ್ ಮಾಷ್ಟ್ರೇ! ನಿಮ್ ಮನಿ ಮಕ್ಳಿಗ್ ಆರೆ ಈ ಮೂರರಗೆ ಯಾವ್ದ್ ತಕಂತ್ರಿ?”

“ಮೂರೂ ಒಳ್ಳೇದೇ ಅಮ್ಮ.”

“ಹಾಂಗ್ ಹೇಳ್ಬೇಡಿ. ನನ್ ಬುಟ್ಟಿಯಗೆ ಇಪ್ಪುದೆಲ್ಲ ಒಳ್ಳೇದ್ ಅಂದೇಳಿ ನಾ ಯಾರಿಗೂ ಹೇಳುದಿಲ್ಲೆ.”

ನಾನು ಕಂಬದ ಹಿಂದೆ ಇನ್ನಷ್ಟು ಅಡಗಿದೆ. ಇಷ್ಟು ವರ್ಷ ಯಾರೂ ಅವರ ಹತ್ತಿರ ಹೀಗೆ ಮಾತಾಡಿದ್ದಿಲ್ಲ! ಅವರು ನಕ್ಕುಬಿಟ್ಟರು. ಬೆಂಚಿನ ತುದಿಯಲ್ಲಿ ಕೂತು, ಊರಿನ ಮಾತಿಗೇ ಇಳಿದರು. “ನನ್ ಮಗ್ಳಾರೆ ಡೇಟಾ ಸೈನ್ಸ್ ತಕೋ ಅಂತಿದ್ದೆ. ಈ ನಿಮ್ ಹುಡ್ಗಿ ಮೀನಿಂದ್ ಒಂದ್ ಪ್ರಾಜೆಕ್ಟ್ ಮಾಡಿತ್ತಲ್ದಾ, ಅದ್ ಕಂಡ್ ಹೇಳ್ತೆ, ಇದಕ್ಕ್ ಅದೇ ಸಮ. ಆರೆ ಒಂದ್ ವಿಷ್ಯ. ಅದಕ್ಕ್ ಗಣಿತ ಬೇಕ್. ಈ ಸಲದ ಪರೀಕ್ಷೆಯಗೆ ಗಣಿತ ಪಾಸಾಯ್ದಿರೆ ಅದ್ರಗೆ ಸೀಟ್ ಕೊಡುಕ್ ಆತಿಲ್ಲೆ.”

ಗಣಿತ ಎಂದದ್ದೇ ತಡ, ಅತ್ತೆ ಎದ್ದು ನಿಂತಳು. ಇನ್ನೇನೋ ಕೇಳಲಿದ್ದವಳು ಕೇಳಲಿಲ್ಲ. “ಆಯ್ತ್, ಬತ್ತೆ” ಎಂದು ಬುಟ್ಟಿ ಎತ್ತಿಕೊಂಡು ಹೊರಟೇ ಹೋದಳು, ಕೊಡೆಯನ್ನು ಬೆಂಚಿನ ಮೇಲೆಯೇ ಬಿಟ್ಟು. ಸಂಜೆ ನಾನು ಕೊಡೆ ಹಿಡಿದು ಬಸ್ಸು ಹತ್ತಿದರೆ, ಪೇಟೆಯ ಕೆಲಸ ಮುಗಿಸಿದ ಅವಳು ಮುಂದಿನ ಸೀಟಿನಲ್ಲೇ ಇದ್ದಳು. ನಾನು ಯಾವಾಗಿನ ಹಾಗೆ ಮೂರು ಸೀಟು ಹಿಂದೆ ಕೂತೆ. ಹೇಳಿಬಿಡುತ್ತೇನೆ, ಬುಟ್ಟಿಯ ಮೀನಿನ ವಾಸನೆ ನನ್ನ ಚೂಡಿದಾರಕ್ಕೆ ಹತ್ತಿದರೆ ಜೊತೆಯವರು ಏನೆನ್ನುತ್ತಾರೋ ಎಂಬ ಹೆದರಿಕೆ ನನಗೆ. ನನ್ನ ಹೆದರಿಕೆಗಳಲ್ಲೆಲ್ಲ ನಾಚಿಕೆಗೇಡಿನದ್ದು ಅದು.

ಆಮೇಲೆ ಪರೀಕ್ಷೆ. ಗಣಿತದ ದಿನ ನನ್ನ ಕೈ ಎಷ್ಟು ಬೆವರಿತೆಂದರೆ ಉತ್ತರಪತ್ರಿಕೆಯ ಮೂಲೆ ಒದ್ದೆಯಾಗಿ ಹರಿಯಿತು. ಮೊದಲ ಪ್ರಶ್ನೆ ಗೊತ್ತಿರಲಿಲ್ಲ. ಎರಡನೆಯದು ಗೊತ್ತಿತ್ತು, ಆದರೆ ಹೆದರಿಕೆಗೆ ಮರೆತುಹೋಯಿತು. ಹೇಗೋ ಬರೆದು ಬಂದೆ. ಬಂದವಳು ಆನೆಗುಡ್ಡೆ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡೆ. ಸಾಕಾಗಲಿಲ್ಲವೇನೋ ಎಂದು ಅನುಮಾನ ಬಂದು ಮರುದಿನ ಕಾಯಿಯನ್ನೂ ಸೇರಿಸಿದೆ.

ಮಳೆಗಾಲ ಹಿಡಿದ ಮೇಲೆ ಒಂದು ಬುಧವಾರ ಫಲಿತಾಂಶ ಬಂತು. ಶನಿವಾರ ನಾಲ್ಕು ಗಂಟೆಯೊಳಗೆ ಕಾಲೇಜಿಗೆ ಬಂದು ವಿಭಾಗದ ಅರ್ಜಿ ಕೊಡಬೇಕು, ಕೊಡದವರಿಗೆ ಉಳಿದ ಸೀಟು ಎಂದು ಮೆಸೇಜು. ಎಲ್ಲರೂ ಫೋನಿನಲ್ಲಿ ನೋಡಿಕೊಂಡರು. ನಾನು? ನೋಡದಿದ್ದರೆ ಫೇಲಾದಂತೆ ಅಲ್ಲವಲ್ಲ! ಈ ಮಹಾ ತತ್ವವನ್ನು ಕಂಡುಕೊಂಡು, ಫೋನು ಕಣ್ಣಿಗೆ ಬೀಳದ ಹಾಗೆ ಅದನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟೆ. ಬುಧವಾರ ಹೋಯಿತು, ಗುರುವಾರ ಹೋಯಿತು, ಶುಕ್ರವಾರವೂ ಹೋಯಿತು. ಯಾರಾದರೂ “ಹೆಣೆ” ಎಂದು ಕರೆದರೆ ಸಾಕು, ಹಿತ್ತಲಿಗೆ ಓಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಅತ್ತೆ ಗಂಜಿಗೆ ಅಕ್ಕಿ ತೆಗೆಯಲು ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಅಕ್ಕಿಯೊಳಗಿಂದ ಫೋನು ಹಾಡುವುದಕ್ಕೂ ಸರಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಭೂತ ಎಂದು ಓಡುತ್ತಿದ್ದರು. ಅತ್ತೆ ಕೈ ಹಾಕಿ, ಫೋನು ಎಳೆದು, ಅಕ್ಕಿ ಊದಿ, ಕಿವಿಗಿಟ್ಟುಕೊಂಡಳು. ಆ ಕಡೆ ನನ್ನ ಗೆಳತಿ. ಗಂಟಲು ದೊಡ್ಡದು, ನನಗೂ ಕೇಳಿಸಿತು. “ಎಲ್ಲಿ ಸತ್ತಿದ್ದಿ ಮಾರಾಯ್ತಿ? ರಿಸಲ್ಟ್ ಎಂತಾಯ್ತ್? ಇವತ್ತ್ ನಾಲ್ಕಕ್ಕೆ ಅರ್ಜಿ ಮುಗೀತ್!”

ಅತ್ತೆ ಫೋನು ಕೆಳಗಿಟ್ಟಳು. ನಾನು ಗೋಡೆಗೆ ಅಂಟಿಕೊಂಡೆ. ಈಗ ಗುಡುಗುತ್ತಾಳೆ, ಈಗ ಸಿಡಿಲು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಅತ್ತೆ ಅಕ್ಕಿ ಡಬ್ಬಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು.

“ಕಾಣ್ಲಿಲ್ಯಾ?” ಎಂದಳು, ಮೆಲ್ಲಗೆ.

“ಹೆದ್ರಿಕಿ ಆತ್ ಅತ್ತೆ.”

“ನಾನೂ ಕಾಣ್ಲಿಲ್ಲೆ.”

ನನಗೆ ಅರ್ಥವಾಗಲಿಲ್ಲ. ಅವಳು ಕೈಯಲ್ಲಿದ್ದ ನಾಲ್ಕು ಅಕ್ಕಿಕಾಳು ತಿಕ್ಕುತ್ತ ಹೇಳಿದಳು. ಅವಳು ಇದೇ ನಾವುಂದದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಳಂತೆ. ಗಣಿತ ಕೆಟ್ಟಿತ್ತು. ಫಲಿತಾಂಶದ ದಿನ ಶಾಲೆಯ ಗೋಡೆಯ ಮೇಲೆ ಪಟ್ಟಿ ಹಚ್ಚಿದ್ದರು. ಇವಳು ಗೇಟಿನ ತನಕ ಹೋದಳು. ಕಂಬ ಹಿಡಿದು ನಿಂತಳು. ಒಳಗೆ ಮಕ್ಕಳು ಕೂಗುವುದು, ಅಳುವುದು ಎಲ್ಲ ಕೇಳುತ್ತಿತ್ತು. ಕಾಲು ಮುಂದೆ ಹೋಗಲಿಲ್ಲ. ತಿರುಗಿ ಸೀದಾ ಕಡಲತಡಿಗೆ ಬಂದಳು. ದೋಣಿ ಬಂದಿತ್ತು, ಅವಳ ಅಬ್ಬಿ, ಎಂದರೆ ನನ್ನ ಅಜ್ಜಿ, ಮೀನು ತುಂಬುತ್ತಿದ್ದಳು. ಇವಳು ಬುಟ್ಟಿಗೆ ಕೈ ಹಾಕಿದಳು.

“ಅಬ್ಬಿ ಕೇಂಡ್ತ್, ಎಂತಾಯ್ತ್ ಅಂದೇಳಿ. ಫೇಲ್ ಅಂದೆ. ಮತ್ತ್ ಯಾರೂ ಕೇಂಬುಕ್ ಹೋಯ್ಲಿಲ್ಲೆ. ನಾನೂ ಹೋಯ್ಲಿಲ್ಲೆ.” ಅಕ್ಕಿಯನ್ನು ಡಬ್ಬಿಗೆ ಹಾಕಿದಳು. “ಕಾಣ್ದೆ ತಿರ್ಗಿ ಬಂದ್ರೆ ಹೆದ್ರಿಕಿ ಅಲ್ಲೇ ಉಳಿತ್ ಅಂದ್ಕಂಡಿದ್ದೆ. ಇಲ್ಲೆ ಹೆಣೆ. ಬೆನ್ನ್ ಹಿಂದೆನೇ ಬತ್ತ್. ಇವತ್ತಿಗೂ ಶಾಲಿ ಗೇಟ್ ಕಂಡ್ರೆ ನಂಗ್ ಹೊಟ್ಟಿಯಗೆ ಒಂದ್ ನಮೂನಿ ಆತ್. ನಿನ್ ಕಾಲೇಜಿಂದೂ ಹಾಂಗೇ ಆಯ್ತ್. ನೀ ಕಾಣ್. ಫೇಲ್ ಆರೆ ಆಯ್ಲಿ. ಕಾಣ್!”

ನಾನು ಫೋನು ತೆಗೆದುಕೊಂಡೆ. ಪರೀಕ್ಷೆಯ ನಂಬರು ಒತ್ತಿದೆ. ಪರದೆಯ ಮೇಲೆ ಆ ಚಕ್ರ ತಿರುಗುತ್ತದಲ್ಲ, ಅದು ತಿರುಗಿತು, ತಿರುಗಿತು, ಮಳೆಗೆ ನೆಟ್‌ವರ್ಕ್ ಹೋಗಿ ನಿಂತಿತು. ದೇವರೇ! ಅತ್ತೆ ನನ್ನ ರಟ್ಟೆ ಹಿಡಿದುಕೊಂಡು ಅಂಗಳಕ್ಕೆ ಎಳೆದುಕೊಂಡು ಹೋದಳು. ಇಬ್ಬರೂ ಒಂದೇ ಕೊಡೆಯ ಕೆಳಗೆ ನಿಂತೆವು. ಚಕ್ರ ಮತ್ತೆ ತಿರುಗಿತು. ಬಂತು. ಗಣಿತ, ನಲವತ್ತಮೂರು. ಪಾಸು!

ನಾನು ಅಲ್ಲೇ ಹೋ ಎಂದು ಅಳತೊಡಗಿದೆ. ಅವಳು ಒಂದು ಕ್ಷಣ ನನ್ನ ತಲೆ ಸವರಿ, ಕೂಡಲೇ ಹಳೆಯ ಅತ್ತೆಯಾದಳು. “ಮರ್ಕುದ್ ಬಸ್ಸಗೆ ಕೂಕಂಡ್ ಮರ್ಕ್! ನಾಲ್ಕ್ ಗಂಟಿ ಒಳ್ಗ್ ಹೋಯ್ಕ್! ಓಡ್!” ನಾನು ಮರವಂತೆ ದಾಟುವವರೆಗೆ ಬಸ್ಸಿನಲ್ಲಿ ಕೂತು ಮನಸಾರೆ ಅತ್ತುಬಿಟ್ಟೆ. ಮಧ್ಯಾಹ್ನ ಎರಡು ಗಂಟೆಗೆಲ್ಲ ಅರ್ಜಿ ಕೊಟ್ಟಾಗಿತ್ತು. ಡೇಟಾ ಸೈನ್ಸ್.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಆ ದಿನದಿಂದ ನನಗೆ ಹೊಸ ಹುಳ ಹೊಕ್ಕಿತು. ಅತ್ತೆ ನೋಡಿಯೇ ಇಲ್ಲವಲ್ಲ! ಪಾಸಾಗಿದ್ದರೆ?

“ಅತ್ತೆ, ನಿಂದೂ ಕಾಂಬನಾ?” ಎಂದೆ.

ಅಬ್ಬಬ್ಬಾ! ಆಗ ನೋಡಬೇಕಿತ್ತು. ಬಂದರಿನಲ್ಲಿ ಗಂಡಸರನ್ನು ಮೊಣಕೈಯಿಂದ ತಳ್ಳಿ ಮುಂದೆ ಹೋಗುವವಳು, ಪೊಲೀಸಿನವನಿಗೂ ಕೊಳೆತ ಮೀನು ಬೇಡವೆಂದು ಬುದ್ಧಿ ಹೇಳಿದವಳು, ಎರಡು ವಾರ ನನ್ನಿಂದ ತಪ್ಪಿಸಿಕೊಂಡು ತಿರುಗಿದಳು. ಒಂದು ದಿನ ಸೊಂಟನೋವು. ಒಂದು ದಿನ ನೆಂಟರು. ಒಂದು ದಿನ, “ಇವತ್ತ್ ಆತಿಲ್ಲೆ, ಬಂದರಗೆ ಮೀನ್ ರಾಶಿ ಬಂದಿತ್ತ್” ಎಂದಳು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡದಲ್ಲಿ ಮಲಗಿದ್ದ ತಿಂಗಳು ಅದು, ಊರಿಗೆಲ್ಲ ಒಣಮೀನೇ ಗತಿ! ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಹೆದರಿಕೆಯ ಈ ಎಲ್ಲ ಉಪಾಯಗಳೂ ನನಗೆ ಗೊತ್ತಿದ್ದವೇ. ನಾನು ಅವಳ ಎದುರು ಹೋಗಿ, “ನಾಲ್ಗಿ ತೋರ್ಸ್” ಎಂದೆ. ಅವಳು ನನ್ನನ್ನು ಗುರಾಯಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಮದುವೆಮನೆಗೆ ಉಡುವ ಸೀರೆ ಉಟ್ಟು ಬಂದಳು.

ಶಾಲೆಯ ಗೇಟಿನಲ್ಲಿ ಅವಳು ಕಂಬ ಹಿಡಿದಳು. ನಾನು ಅವಳ ಇನ್ನೊಂದು ಕೈ ಹಿಡಿದೆ. ಅಂಗೈ ಒದ್ದೆಯಾಗಿತ್ತು, ಗಣಿತದ ದಿನ ನನ್ನ ಅಂಗೈ ಇದ್ದ ಹಾಗೆ. ಮುಖ್ಯೋಪಾಧ್ಯಾಯಿನಿ ನಮ್ಮ ಮಾತು ಕೇಳಿ ಮೊದಲು ಆಶ್ಚರ್ಯಪಟ್ಟು, ಆಮೇಲೆ ಕಪಾಟಿನ ತಳದಿಂದ ಹಗ್ಗ ಕಟ್ಟಿದ ಒಂದು ಕಟ್ಟು ತೆಗೆಸಿದರು. ಯಾರೂ ಬಂದು ಕೊಂಡುಹೋಗದ ಅಂಕಪಟ್ಟಿಗಳಂತೆ. ಅಂಥವರು ಇನ್ನೂ ಕೆಲವರು ಇದ್ದರೆಂದು ಆ ದಿನ ನನಗೆ ಗೊತ್ತಾಯಿತು. ಧೂಳು ಕೊಡವಿ, ಒಂದೊಂದಾಗಿ ತೆಗೆದು, ಕೊನೆಗೆ ಹಳದಿಯಾದ ಒಂದು ಕಾಗದವನ್ನು ಮೇಜಿನ ಮೇಲಿಟ್ಟರು.

“ನೀನೇ ಕಾಣ್” ಎಂದು ಅತ್ತೆ ಕಣ್ಣು ಮುಚ್ಚಿಕೊಂಡಳು. ಗಣಪತಿಯ ಎದುರೂ ಮುಚ್ಚದ ಕಣ್ಣು!

ನಾನು ನೋಡಿದೆ. ಕನ್ನಡ ಎಪ್ಪತ್ತೊಂಬತ್ತು. ಸಮಾಜ ಐವತ್ತೆರಡು. ವಿಜ್ಞಾನ ನಲವತ್ತು. ಬೆರಳು ಮುಂದೆ ಸರಿದು ಗಣಿತದ ಸಾಲಿನಲ್ಲಿ ನಿಂತಿತು. ಪಾಸಾಗಿರುತ್ತಾಳೆ ಎಂದು ನಾನು ಎರಡು ವಾರದಿಂದ ನಂಬಿಕೊಂಡಿದ್ದೆ. ಪಾಸಾಗಿರಲಿಲ್ಲ. ಈಗ ಏನು ಹೇಳಲಿ? ಒಂದು ಸುಳ್ಳು ಹೇಳಿಬಿಡಲೇ? ಮುಖ್ಯೋಪಾಧ್ಯಾಯಿನಿಯೂ ನನ್ನ ಮುಖವನ್ನೇ ನೋಡುತ್ತಿದ್ದರು. ಆದರೆ ನಿನ್ನೆಯದ್ದನ್ನು ನಿನ್ನೆಯದ್ದೆಂದೇ ಹೇಳಿ ಮಾರಿದವಳಿಗೆ ನಾನು ಹೇಗೆ ಸುಳ್ಳು ಹೇಳಲಿ?

“ಫೇಲ್ ಅತ್ತೆ. ಗಣಿತ ಒಂದೇ. ಇಪ್ಪತ್ತೆಂಟ್.”

ಅತ್ತೆ ಕಣ್ಣು ಬಿಟ್ಟಳು. ಕಾಗದವನ್ನು ಎತ್ತಿದಳು, ಹಿಂದೆ ಮುಂದೆ ತಿರುಗಿಸಿದಳು, ಬೆಳಕಿಗೆ ಹಿಡಿದು ನೋಡಿದಳು.

“ಇಪ್ಪತ್ತೆಂಟಾ? ಸಮ ಕಂಡ್ಯಾ?”

“ಸಮ ಕಂಡೆ. ಪಾಸಿಗೆ ಮೂವತ್ತೈದ್.”

“ಹಾಂಗಾರೆ ಏಳೇ ಏಳ್ ಕಮ್ಮಿ!” ಎಂದು ಅವಳು ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿದಳು. “ಹ್ವಾಯ್ ಟೀಚರೇ, ಏಳ್ ಮಾರ್ಕ್ ಕೊಸ್ರ್ ಹಾಕುಕ್ ಆಯ್ಲಿಲ್ಯಾ ಆ ಮಾಷ್ಟ್ರಿಗೆ?”

ಅವರು ನಕ್ಕರು, ನಾನೂ ನಕ್ಕೆ. ಅತ್ತೆ ಪುಸ್ತಕದಲ್ಲಿ ರುಜು ಹಾಕಿ, ಕಾಗದವನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಮಳೆ ಬಿಟ್ಟಿತ್ತು. ಗೇಟಿನ ಹತ್ತಿರ, ಅದೇ ಕಂಬದ ಎದುರು ನಿಂತಳು. ನೋಡಿದರೆ ಕೆನ್ನೆ ಇಡೀ ಒದ್ದೆ. ನನ್ನ ಜೀವವೇ ಹಾರಿತು. ಇವಳನ್ನು ಇಲ್ಲಿಗೆ ಯಾಕಾದರೂ ಕರೆತಂದೆನೋ!

“ಬೇಜಾರ್ ಆಯ್ತಾ ಅತ್ತೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾ ಸೊನ್ನೆ ಅಂದ್ಕಂಡಿದ್ದೆ, ಮಗಾ,” ಎಂದಳು. “ಇಷ್ಟ್ ವರ್ಷ.”

ನಾನು ಅವಳನ್ನು ತಬ್ಬಿಕೊಂಡೆ, ರಸ್ತೆಯ ಮೇಲೆಯೇ. ಮದುವೆಮನೆಯ ಸೀರೆಯಲ್ಲೂ ಒಣಮೀನಿನ ವಾಸನೆ ಇತ್ತು. ನಾನು ಮೂಗು ಅಲ್ಲೇ ಇಟ್ಟುಕೊಂಡೆ.